ಎರೆ ಹೊಲದಿಂದ ಹಳ್ಳಕ್ಕೆ ಎಷ್ಟು ನೀರು? ಲೆಕ್ಕ ಹಾಕೋದು ಹೀಗೆ

ಕೊಪ್ಪಳ, ರಾಯಚೂರು ಕಡೆ ಚೆಕ್ ಡ್ಯಾಮ್ ಕಟ್ಟೋ ಮುಂಚೆ ಒಂದು ಮಳೆಗೆ ಎಷ್ಟು ನೀರು ಹರಿದು ಬರುತ್ತದೆ ಅಂತ ನೋಡಲೇಬೇಕು. ಇದಕ್ಕೆ ಕರ್ವ್ ನಂಬರ್ ಮಾದರಿ (ಮಣ್ಣು, ನೆಲದ ಬಳಕೆ ನೋಡಿ ಒಂದು ನಂಬರ್ ಕೊಡೋದು; ನಂಬರ್ ಜಾಸ್ತಿ ಆದಷ್ಟೂ ಹರಿವು ಜಾಸ್ತಿ) ಮತ್ತು ಉಚಿತವಾಗಿ ಸಿಗುವ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶ ಸಾಕು.

ಮೊದಲು ಭೂಮಿಯ ಏರುತಗ್ಗು ತೋರಿಸುವ ಎಸ್‌ಆರ್‌ಟಿಎಂ ನಕ್ಷೆ ಇಳಿಸಿಕೊಳ್ಳಿ. ಅದರ ಒಂದೊಂದು ಚೌಕ ಸುಮಾರು 30 ಮೀಟರ್. ನಕ್ಷೆಯ ತಪ್ಪಿನಿಂದ ಕಾಣೋ ಸುಳ್ಳು ಗುಂಡಿಗಳನ್ನು ತಂತ್ರಾಂಶದಲ್ಲೇ ತುಂಬಿಸಿ, ಡ್ಯಾಮ್ ಜಾಗವನ್ನು ಗುರುತಿಸಿದರೆ ಅಲ್ಲಿಗೆ ನೀರು ಕೊಡುವ ಪ್ರದೇಶ ಸಿಗುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು: ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ನೀರನ್ನು ತಡೆಯೋದು, ತಿರುಗಿಸೋದು ಈ ನಕ್ಷೆಯಲ್ಲಿ ಸರಿಯಾಗಿ ಕಾಣೋದಿಲ್ಲ, ಹಾಗಾಗಿ ಉಪಗ್ರಹ ಚಿತ್ರ ನೋಡಿ ಗಡಿಯನ್ನು ಕೈಯಲ್ಲೇ ತಿದ್ದಬೇಕು.

ಬೆಳೆ, ಬೀಳು, ಊರು ಬೇರೆ ಮಾಡೋಕೆ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚೌಕದ ಚಿತ್ರ ಚೆನ್ನಾಗಿದೆ. ಅದರ ಮೇಲೆ ಮಣ್ಣಿನ ನಕ್ಷೆ ಇಟ್ಟು, ಕರ್ವ್ ನಂಬರ್ ಪಟ್ಟಿಯಿಂದ ಒಂದೊಂದು ತುಂಡಿಗೂ ನಂಬರ್ ಕೊಡಿ. ಎರೆಗೆ (ಕಪ್ಪು ಮಣ್ಣು) 88, ಮಸಾರಿಗೆ (ಕೆಂಪು ಮಣ್ಣು) 75 ಅಂತ ಇಟ್ಟುಕೊಳ್ಳೋಣ. ಒಡ್ಡು ಹಾಕಿದ ಹೊಲಕ್ಕೆ ಇನ್ನೂ ಕಡಿಮೆ.

25400ನ್ನು ಆ ನಂಬರಿನಿಂದ ಭಾಗಿಸಿ 254 ಕಳೆಯಿರಿ. ಅದು ಮಣ್ಣು ಹಿಡಿಯಬಲ್ಲ ನೀರು, ಮಿ.ಮೀ. ಲೆಕ್ಕದಲ್ಲಿ. ತೇವದ ಎರೆಯಾದರೆ ಇದರ 0.1 ಪಾಲು, ಒಣ ಎರೆ ಅಥವಾ ಮಸಾರಿಯಾದರೆ 0.3 ಪಾಲು ಮಳೆಯಿಂದ ಕಳೆಯಿರಿ. ಮಳೆ ಅಷ್ಟೂ ಇಲ್ಲದಿದ್ದರೆ ಹರಿವು ಸೊನ್ನೆ. ಉಳಿದದ್ದರ ವರ್ಗ ಮಾಡಿ, ಉಳಿದದ್ದು ಮತ್ತು ಮಣ್ಣು ಹಿಡಿಯುವ ನೀರು ಎರಡನ್ನೂ ಕೂಡಿಸಿದ ಮೊತ್ತದಿಂದ ಭಾಗಿಸಿ.

60 ಮಿ.ಮೀ. ಮಳೆಗೆ ತೇವದ ಎರೆಯಿಂದ 35 ಮಿ.ಮೀ. ಹರಿಯುತ್ತದೆ, ಮಸಾರಿಯಿಂದ 10. ಅದೇ ಎರೆ ಒಣಗಿ ಬಿರುಕು ಬಿಟ್ಟಿದ್ದರೆ? ನಂಬರ್ 76ಕ್ಕೆ ಇಳಿಯುತ್ತದೆ, ಹರಿಯೋದು ಬರೀ 11 ಮಿ.ಮೀ. ಬಿರುಕುಗಳೇ ಮೊದಲ ಮಳೆಯನ್ನು ಕುಡಿದುಬಿಡುತ್ತವೆ ಅಲ್ವಾ! ಹಾಗಾಗಿ ಹಿಂದಿನ 5 ದಿನದ ಮಳೆ ನೋಡದೆ ಸುಮ್ನೆ 88 ಹಾಕಬೇಡಿ. ಬೆಳೆ ಇರುವ ಕಾಲದಲ್ಲಿ ಆ ಮೊತ್ತ 36 ಮಿ.ಮೀ.ಗಿಂತ ಕಡಿಮೆ ಇದ್ದರೆ ಒಣ ನೆಲ ಅಂತಲೇ ಲೆಕ್ಕ, 53 ದಾಟಿದರೆ ನಂಬರ್ 88ಕ್ಕಿಂತ ಜಾಸ್ತಿ ಆಗಬೇಕು.

ಮಳೆಯ ಅಂಕಿಗೆ ನಾನು ಗ್ರಾಮ ಪಂಚಾಯಿತಿಯ ಮಳೆಮಾಪಕವನ್ನೇ ನಂಬುತ್ತೇನೆ. ಚರ್ಪ್ಸ್‌ನಂಥ ಉಪಗ್ರಹ ಅಂಕಿಯ ಒಂದು ಚೌಕ ಸುಮಾರು 5 ಕಿ.ಮೀ., ನಮ್ಮ ಕಡೆ ಒಂದು ಹೊಲಕ್ಕೆ ಸುರಿದ ಮಳೆ ಪಕ್ಕದ ಹೊಲಕ್ಕೆ ಬಿದ್ದಿರೋದಿಲ್ಲ.

ಎರೆ, ಮಸಾರಿ ಎರಡೂ ಇದ್ದರೆ ನಂಬರುಗಳ ಸರಾಸರಿ ತೆಗೆಯಬೇಡಿ, ಹರಿವು ಕಡಿಮೆ ಬರುತ್ತದೆ. ಒಂದೊಂದು ತುಂಡಿಗೂ ಬೇರೆ ಲೆಕ್ಕ ಮಾಡಿ ಕೂಡಿಸಿ. ಒಂದು ಹೆಕ್ಟೇರಿನಲ್ಲಿ 1 ಮಿ.ಮೀ. ಹರಿದರೆ 10,000 ಲೀಟರ್.