ಟ್ರಕ್ಕು ಎಷ್ಟು ಕೊಡುತ್ತೆ? ಪೆನ್ನು ಹಿಡಿದು ಲೆಕ್ಕ ಹಾಕಿ

ಹೊಸ ಪಿಕಪ್ ಟ್ರಕ್ಕಿನ ಫೋಟೊ ಊರಿಗೆ ಕಳಿಸಿದರೆ ದೊಡ್ಡಪ್ಪನ ಮಗ ಬೆಲೆ ಕೇಳುವುದಿಲ್ಲ. ‘ಎಷ್ಟು ಕೊಡುತ್ತೆ?’ ಅಂತಾನೆ. ಇಲ್ಲಿ ಟೆಕ್ಸಾಸ್‌ನಲ್ಲಿ ಅದೇ ಪ್ರಶ್ನೆಯನ್ನು ಒಂದೇ ಮಾಡೆಲ್ ಇಟ್ಟುಕೊಂಡ ಇಬ್ಬರನ್ನು ಕೇಳಿ ನೋಡಿ. ಒಬ್ಬ ಗ್ಯಾಲನ್‌ಗೆ (ಸುಮಾರು 3.8 ಲೀಟರ್) 18 ಮೈಲಿ ಅಂತಾನೆ, ಇನ್ನೊಬ್ಬ 11 ಅಂತ ಗೋಳಾಡ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರಿಗೂ ಅಳೆಯೋಕೆ ಬರುವುದಿಲ್ಲ, ಅಷ್ಟೇ.

ಅಳೆಯದೆ ವಿಧಿಯೂ ಇಲ್ಲ. ಅಮೆರಿಕದಲ್ಲಿ ಮಾಮೂಲಿ ಕಾರು ಕೊಂಡರೆ ಕಿಟಕಿ ಗಾಜಿಗೆ ಅಂಟಿಸಿದ ಚೀಟಿಯಲ್ಲೇ ಮೈಲೇಜ್ ಬರೆದಿರುತ್ತದೆ. ಗಾಡಿ, ಜನ, ಸಾಮಾನು ಎಲ್ಲ ಸೇರಿದ ತೂಕದ ಮಿತಿ 8,500 ಪೌಂಡ್, ಅಂದರೆ ಸುಮಾರು 3,850 ಕೆ.ಜಿ. ದಾಟಿದ ಪಿಕಪ್‌ಗಳಿಗೆ ಆ ಚೀಟಿಯಲ್ಲಿ ಮೈಲೇಜ್ ಇರುವುದಿಲ್ಲ. ಫೋರ್ಡ್ ಎಫ್-250, ರ‍್ಯಾಮ್ 2500, ಸಿಲ್ವರಾಡೊ 2500 ಎಲ್ಲ ಈ ಗುಂಪಿನವೇ. ಪೆಟ್ರೋಲ್ ಎಂಜಿನ್ ಕೂಡ ಸಾಮಾನ್ಯದ್ದಲ್ಲ: ಫೋರ್ಡ್‌ನಲ್ಲಿ 6.8 ಅಥವಾ 7.3 ಲೀಟರ್, ರ‍್ಯಾಮ್‌ನಲ್ಲಿ 6.4, ಸಿಲ್ವರಾಡೊದಲ್ಲಿ 6.6. ನಮ್ಮ ಆಲ್ಟೊ 800ರ ಎಂಜಿನ್ ಒಂಬತ್ತು ಜೋಡಿಸಿದರೆ ಹತ್ತಿರ ಹತ್ತಿರ ಒಂದು 7.3 ಆಗುತ್ತದೆ.

ಬೇಕಾದದ್ದು ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು. ಆ್ಯಪ್ ಕೂಡ ಇವೆ, ನನಗೆ ಸೇರಲ್ಲ. ಫೋನ್ ಬದಲಾಯಿಸಿದಾಗ ಎರಡು ವರ್ಷದ ಲೆಕ್ಕ ಹೋಯಿತು. ನೋಟ್‌ಬುಕ್ ಇನ್ನೂ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲೇ ಇದೆ.

1. ಟಯರ್ ಗಾಳಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ನೋಡಿ, ಡ್ರೈವರ್ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಇರುವಷ್ಟು ಹಾಕಿ. ಮುಂದಕ್ಕೆ ಹೋಗೋಣ.

2. ಓಡೋಮೀಟರ್ ಸರಿಯಿದೆಯಾ? ಗಾಡಿ ಇನ್ನೂ ಕಂಪನಿ ಟಯರ್ ಮೇಲೇ ಇದ್ದರೆ ಇದನ್ನು ಬಿಡಿ. ಆದರೆ ಇಲ್ಲಿ ಟ್ರಕ್ಕು ಕೊಂಡ ತಿಂಗಳಿಗೇ ಜನ ದೊಡ್ಡ ಟಯರ್ ಹಾಕಿಸ್ತಾರೆ. 33 ಇಂಚಿನ ಜಾಗಕ್ಕೆ 35 ಇಂಚು ಬಂತು ಅಂದರೆ ಚಕ್ರ ಒಂದು ಸುತ್ತಿಗೆ 6 ಪರ್ಸೆಂಟ್ ಜಾಸ್ತಿ ದೂರ ಹೋಗುತ್ತದೆ. ಓಡೋಮೀಟರಿಗೆ ಅದು ಗೊತ್ತಿಲ್ಲ. 10 ಮೈಲಿ ಓಡಿದರೆ 9.4 ತೋರಿಸುತ್ತದೆ. ಇಂಟರ್‌ಸ್ಟೇಟ್ ಹೈವೇ ಪಕ್ಕದಲ್ಲಿ ಮೈಲಿಗೊಂದು ಹಸಿರು ಹಲಗೆ ಇರುತ್ತದಲ್ಲ, ಅದನ್ನು ನೋಡಿಕೊಂಡು 20 ಮೈಲಿ ಓಡಿಸಿ, ಟ್ರಿಪ್ ಮೀಟರಿಗೆ ಹೋಲಿಸಿ. ವ್ಯತ್ಯಾಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ. ದೊಡ್ಡ ಟಯರ್ ಹಾಕಿದರೆ ಮೈಲೇಜ್ ಬೀಳೋದು ನಿಜ. ಆದರೆ ಬಿದ್ದಂತೆ ಕಾಣುವುದರಲ್ಲಿ ಒಂದು ಭಾಗ ಬರೀ ಈ ಲೆಕ್ಕದ ತಪ್ಪು.

3. ಫುಲ್ ಟ್ಯಾಂಕ್ ಮಾಡುವುದು. ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ನಾವು ಅಳೆಯುವುದು ಟ್ಯಾಂಕಿನಲ್ಲಿ ಇರುವ ಪೆಟ್ರೋಲನ್ನಲ್ಲ, ಎರಡು ಸಲ ತುಂಬಿಸಿದ್ದರ ನಡುವೆ ಖರ್ಚಾದದ್ದನ್ನು. ಹಾಗಾಗಿ ಎರಡೂ ಸಲ ಒಂದೇ ಮಟ್ಟಕ್ಕೆ ತುಂಬಬೇಕು. ಒಂದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ಗಾಡಿ ಅದೇ ದಿಕ್ಕಿಗೆ. ಬಂಕ್ ನೆಲ ನೀರು ಹರಿಯಲಿ ಅಂತ ಒಂದು ಕಡೆ ಇಳಿಜಾರಾಗಿರುತ್ತದೆ. 30ಕ್ಕೂ ಜಾಸ್ತಿ ಗ್ಯಾಲನ್ ಹಿಡಿಯುವ ಅಗಲ ಟ್ಯಾಂಕ್ ಸ್ವಲ್ಪ ವಾಲಿದರೂ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡು ಒಂದು ಗ್ಯಾಲನ್ ಆಚೀಚೆ ಆಗಬಹುದು.

ನಾಜಲ್ ಪೂರ್ತಿ ಒಳಗೆ ಹೋಗಲಿ. ಹಿಡಿಯ ಕೊಂಡಿಯನ್ನು ಜೋರಾಗಿ ಬಿಡುವ ಕೊನೆಯ ಹಂತಕ್ಕೆ ಸಿಕ್ಕಿಸಬೇಡಿ, ನಿಧಾನದ ಮೊದಲ ಹಂತಕ್ಕೆ ಸಿಕ್ಕಿಸಿ. ಜೋರಾಗಿ ಬಿಟ್ಟರೆ ಪೆಟ್ರೋಲ್ ನೊರೆ ಎದ್ದು, ಟ್ಯಾಂಕ್ ತುಂಬುವ ಮೊದಲೇ ‘ಟಕ್’ ಅಂತ ನಿಲ್ಲುತ್ತದೆ. ನಿಧಾನವಾಗಿ ಬಿಟ್ಟು ಮೊದಲ ‘ಟಕ್’ಗೇ ನಿಲ್ಲಿಸಿ. ಆಮೇಲೆ ಒತ್ತಿ ಒತ್ತಿ ರೌಂಡ್ ಫಿಗರ್ ಮಾಡೋ ಚಟ ಬಿಡಿ. ಲೆಕ್ಕ ಕೆಡುವುದು ಒಂದು ಕಡೆಯಾದರೆ, ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ನುಗ್ಗಿ ಅದು ಹಾಳಾಗುತ್ತದೆ. ಎಂಜಿನ್ ಲೈಟ್ ಹತ್ತಿದ ಮೇಲೆ ಗ್ಯಾರೇಜಿನವನು ಹೇಳುವ ಮೊತ್ತ ಕೇಳಿದರೆ ಆ ಚಟ ತಾನಾಗಿ ಬಿಡುತ್ತದೆ.

ಇನ್ನೊಂದು ಮೋಸ ಬಹಳ ಜನಕ್ಕೆ ಗೊತ್ತಿಲ್ಲ. ಕಾರ್ಡ್ ಹಾಕಿದರೆ ಕೆಲವು ಪಂಪ್‌ಗಳು ಒಂದು ಮೊತ್ತ ಮುಟ್ಟಿದ ಕೂಡಲೇ ನಿಲ್ಲುತ್ತವೆ. ಸಣ್ಣ ಕಾರಿನವರಿಗೆ ಆ ಮಿತಿ ತಗಲುವುದೇ ಇಲ್ಲ. ನಮಗೆ ತಗಲುತ್ತದೆ. 2022ರ ಜೂನ್‌ನಲ್ಲಿ ಇಲ್ಲಿ ದೇಶದ ಸರಾಸರಿ ಬೆಲೆ ಮೊದಲ ಸಲ ಗ್ಯಾಲನ್‌ಗೆ 5 ಡಾಲರ್ ದಾಟಿತ್ತು. ಟೆಕ್ಸಾಸ್‌ನಲ್ಲಿ ಸ್ವಲ್ಪ ಕಡಿಮೆ. ಆಗ ಗೆಳೆಯನೊಬ್ಬ 360 ಮೈಲಿ ಓಡಿಸಿ ಬಂದು ಪೆಟ್ರೋಲ್ ಹಾಕಿದ. ಪಂಪ್ 21 ಗ್ಯಾಲನ್‌ಗೆ ನಿಂತಿತು. ‘17 ಕೊಡ್ತು ಗುರೂ!’ ಅಂತ ವಾಟ್ಸಾಪಿಗೆ ಹಾಕಿದ. ಮುಂದಿನ ಸಲ 13 ಬಂತು. ಗಾಡಿ ಕೆಟ್ಟಿದೆ ಅಂತ ಗ್ಯಾರೇಜಿಗೂ ಹೋಗಿ ಬಂದ. ಕೊನೆಗೆ ಹಳೆಯ ರಸೀದಿ ತೆಗೆದು ನೋಡಿದರೆ ಸರಿಯಾಗಿ 100 ಡಾಲರ್. ಟ್ಯಾಂಕ್ ತುಂಬಿರಲೇ ಇಲ್ಲ. ರಸೀದಿಯಲ್ಲಿ ಹೀಗೆ ಗುಂಡಗಿನ ಮೊತ್ತ ಕಂಡರೆ ಕಾರ್ಡ್ ಮತ್ತೆ ಹಾಕಿ, ‘ಟಕ್’ ಅನ್ನುವವರೆಗೆ ತುಂಬಿಸಿ, ಎರಡೂ ಕೂಡಿಸಿ.

ತುಂಬಿಸಿದ ಮೇಲೆ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಅಲ್ಲೇ, ಗಾಡಿ ಹೊರಡುವ ಮೊದಲೇ. ಮನೆಗೆ ಹೋಗಿ ಮಾಡ್ತೀನಿ ಅಂದವರು ಯಾರೂ ಮಾಡಿಲ್ಲ.

4. ಯಾವಾಗಲೂ ಓಡಿಸುವ ಹಾಗೇ ಓಡಿಸಿ. ಅಳೆಯೋ ವಾರ ಮಾತ್ರ ಅಜ್ಜನ ಹಾಗೆ ಓಡಿಸಿದರೆ ಯಾರಿಗೆ ಲಾಭ? ಮುಕ್ಕಾಲು ಟ್ಯಾಂಕ್ ಖಾಲಿಯಾಗುವವರೆಗೆ ಮಾತ್ರ ಕಾಯಲೇಬೇಕು. 10 ಗ್ಯಾಲನ್ ತುಂಬುವಾಗ ಒಂದು ಗ್ಯಾಲನ್ ಕಡಿಮೆ ಬಿದ್ದರೆ 15 ಕೊಡುವ ಗಾಡಿ 16.7 ತೋರಿಸುತ್ತದೆ. ಅದೇ ತಪ್ಪು 27 ಗ್ಯಾಲನ್ ಹತ್ತಿರ ತುಂಬುವಾಗ ಆದರೆ 15.6 ಅಷ್ಟೇ.

5. ಭಾಗಿಸಿ. ಮತ್ತೆ ಅದೇ ಪಂಪ್, ಅದೇ ಮೊದಲ ‘ಟಕ್’. ದೊಡ್ಡ ಟಯರ್ ಹಾಕಿದ್ದರೆ ಮೊದಲ ಪುಟದ ವ್ಯತ್ಯಾಸ ನೋಡಿ ಮೈಲಿ ಸರಿ ಮಾಡಿಕೊಳ್ಳಿ. ಮೈಲಿಯನ್ನು ಗ್ಯಾಲನ್‌ನಿಂದ ಭಾಗಿಸಿ. ನನ್ನ ನೋಟ್‌ಬುಕ್ಕಿನ ಒಂದು ಸಾಲು: 402 ಮೈಲಿ, 26.8 ಗ್ಯಾಲನ್, 15. ಊರಿನವರಿಗೆ ಹೇಳಬೇಕಾದರೆ 0.425ರಿಂದ ಗುಣಿಸಿ, ಲೀಟರಿಗೆ 6.4 ಕಿ.ಮೀ. ಅವತ್ತು ಗಾಡಿಯ ಸ್ಕ್ರೀನ್ 16.2 ಅಂತ ತೋರಿಸುತ್ತಿತ್ತು. ಯಾವ ಕಂಪನಿ ಅಂತ ಹೇಳಲ್ಲ, ಜಗಳ ಬೇಡ. ಸ್ಕ್ರೀನ್ ನಂಬಬೇಡಿ.

ಒಂದು ಟ್ಯಾಂಕಿನ ಲೆಕ್ಕ ಲೆಕ್ಕವಲ್ಲ, ಕನಿಷ್ಠ ಮೂರು ಬೇಕು. ಬಂದ ಮೈಲೇಜ್‌ಗಳ ಸರಾಸರಿ ತೆಗೆಯಬೇಡಿ. ಎಲ್ಲ ಮೈಲಿ ಕೂಡಿಸಿ, ಎಲ್ಲ ಗ್ಯಾಲನ್ ಕೂಡಿಸಿ, ಆಮೇಲೆ ಭಾಗಿಸಿ. 300 ಮೈಲಿಗೆ 20 ಗ್ಯಾಲನ್ ಅಂದರೆ 15. ಟ್ರೇಲರ್ ಎಳೆದ 240 ಮೈಲಿಗೆ 30 ಗ್ಯಾಲನ್ ಅಂದರೆ 8. ಸರಾಸರಿ 11.5 ಅನ್ನಿಸುತ್ತದೆ, ಅಲ್ವಾ? ನಿಜ 540ಕ್ಕೆ 50, ಅಂದರೆ 10.8.

ಈ ಮಧ್ಯೆ ಯಾರಾದರೂ ಮೈಲೇಜ್ ಹೆಚ್ಚಿಸುವ ಸಾಮಾನು ಮಾರೋಕೆ ಬರ್ತಾರೆ. ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ಸ್ಟೇರಿಂಗ್ ಕೆಳಗೆ ಚುಚ್ಚುವ ಚಿಪ್. ದುಡ್ಡು ದಂಡ. 87 ಆಕ್ಟೇನ್ (ಪೆಟ್ರೋಲಿನ ದರ್ಜೆ) ಸಾಕು ಅಂತ ಪುಸ್ತಕದಲ್ಲಿ ಇರುವ ಗಾಡಿಗೆ 93 ಹಾಕುವುದೂ ಹಾಗೇ. ರ‍್ಯಾಮ್‌ನ 6.4ಕ್ಕೆ ಮಾತ್ರ 89 ಹಾಕಿ ಅಂತ ಕಂಪನಿಯೇ ಹೇಳುತ್ತದೆ. ಹಿಂದಿನ ಬಾಗಿಲು ಇಳಿಸಿ ಓಡಿಸಿದರೆ ಗಾಳಿ ಸಲೀಸಾಗಿ ಹೋಗುತ್ತೆ ಅನ್ನೋರನ್ನೂ ನೋಡಿದ್ದೇನೆ. ಸಾಮಾನು ರಸ್ತೆಗೆ ಬೀಳುತ್ತೆ, ಮೈಲೇಜ್ ಏರಲ್ಲ.

6. ಮೂರು ಪುಟ ಮಾಡಿ. ಖಾಲಿ ಹೈವೇ ಒಂದು, ಸಿಟಿ ಒಂದು, ಟ್ರೇಲರ್ ಒಂದು. ಪಕ್ಕದಲ್ಲಿ ವೇಗ ಮತ್ತು ಗಾಳಿ ಬರೆಯಿರಿ. ಸಿಟಿ ಪುಟ ನೋಡಿ ಗಾಬರಿ ಬೇಡ: ಟೆಕ್ಸಾಸ್ ಬೇಸಿಗೆಯಲ್ಲಿ ಏಸಿಗೋಸ್ಕರ ಗಾಡಿ ಸುಮ್ನೆ ನಿಂತು ಉರಿಯುತ್ತದೆ, ಪೆಟ್ರೋಲ್ ಹೋಗುತ್ತದೆ, ಮೈಲಿ ಸೊನ್ನೆ.

ಟ್ರೇಲರ್ ವಿಷಯದಲ್ಲಿ ಜನ ತೂಕ ಮಾತ್ರ ಕೇಳ್ತಾರೆ. ಸಮತಟ್ಟು ಹೈವೇಯಲ್ಲಿ ತೂಕಕ್ಕಿಂತ ಎತ್ತರ ಜಾಸ್ತಿ ತಿನ್ನುತ್ತದೆ. ರಾಜ್ಯೋತ್ಸವಕ್ಕೆ ವೇದಿಕೆಯ ಹಲಗೆ, ಕಬ್ಬಿಣದ ಕಂಬ ಎಲ್ಲ ತೆರೆದ ಟ್ರೇಲರ್‌ನಲ್ಲಿ ತಗ್ಗಾಗಿ ಹೇರಿಕೊಂಡು ಹೋದಾಗ ನನಗೆ 11 ಬಂತು. ಅದಕ್ಕಿಂತ ಹಗುರವಾದ, ಆದರೆ ಮನೆಯಷ್ಟು ಎತ್ತರದ ಕ್ಯಾಂಪಿಂಗ್ ಟ್ರೇಲರ್ ಎಳೆದಾಗ 8. ಎದುರು ಗಾಳಿ ಇದ್ದ ದಿನ 7. ಅದರ ಮುಖ ಗೋಡೆ ಇದ್ದ ಹಾಗೆ, ಗಾಳಿಯನ್ನು ದಬ್ಬಿಕೊಂಡೇ ಹೋಗಬೇಕು. ವೇಗ ಹೆಚ್ಚಿದಂತೆ ಆ ತಡೆ ವರ್ಗದ ಲೆಕ್ಕದಲ್ಲಿ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು) ಏರುತ್ತದೆ. ಗಂಟೆಗೆ 75 ಮೈಲಿಯಲ್ಲಿ ಎಳೆಯುವವರು ಎಳೆಯಲಿ, ನಾನು 62 ದಾಟಲ್ಲ.

ನನಗೆ ಹೆಚ್ಚು ಕೆಲಸಕ್ಕೆ ಬರುವುದು ಈ ಮೂರನೇ ಪುಟವೇ. ಪಶ್ಚಿಮ ಟೆಕ್ಸಾಸ್‌ನಲ್ಲಿ ಐ-10 ಹೈವೇ ಹಿಡಿದರೆ ಬಂಕ್‌ಗಳು ದೂರ ದೂರ. 30 ಗ್ಯಾಲನ್, 7 ಮೈಲಿ ಅಂದರೆ 210. ಟ್ರೇಲರ್ ಕಟ್ಟಿದ ದಿನ 150 ಆದ ಕೂಡಲೇ ಬಂಕ್ ಹುಡುಕೋಕೆ ಶುರು ಮಾಡ್ತೀನಿ. ಅದೂ ಟ್ರೇಲರ್ ಸಮೇತ ತಿರುಗಿಸೋಕೆ ಜಾಗ ಇರುವ ಬಂಕ್.