ದೀಪಕ್ಕೆ ಬಂದ ಹುಳದ ವಂಶ ಕಂಡುಹಿಡಿಯೋದು ಹೇಗೆ

ಅಮಾವಾಸ್ಯೆ ಆಸುಪಾಸು, ಮಳೆ ಬಿದ್ದು ಗಾಳಿ ನಿಂತ ಸಂಜೆ ಆರಿಸಿಕೊಳ್ಳಿ. ಬೆಳದಿಂಗಳಿದ್ದರೆ ಹುಳ ಕಮ್ಮಿ. ಪಾಂಡವಪುರದ ಹತ್ತಿರ ನಮ್ಮ ಗದ್ದೆ ಬದುವಿನಲ್ಲಿ ಎರಡು ಗೂಟ ನೆಟ್ಟು, ಹಳೇ ಬಿಳಿ ಪಂಚೆ ಬಿಗಿದು, ಮುಂದೆ ಸಿಎಫ್‌ಎಲ್ ಬಲ್ಬ್ ಇಳಿಬಿಡ್ತೀನಿ. ಮನೆಯ ಎಲ್‌ಇಡಿ ಬಲ್ಬಲ್ಲಿ ನೇರಳಾತೀತ ಬೆಳಕು ಇಲ್ಲವೆನ್ನುವಷ್ಟು ಕಮ್ಮಿ, ಅದಕ್ಕೆ ಹುಳ ಅಷ್ಟಾಗಿ ಬರಲ್ಲ.

ಬಣ್ಣಕ್ಕೆ ಮರುಳಾಗಬೇಡಿ, ರೆಕ್ಕೆ ನೋಡಿ. ಕೂತಾಗ ಅದನ್ನು ಬೆನ್ನ ಮೇಲೆ ಹಿಂದಕ್ಕೆ ಮಡಚಿಕೊಳ್ಳುತ್ತಾ? ಹಗಲಲ್ಲಿ ಗದ್ದೆ ಮೇಲೆ ಹಾರೋ ಏರೋಪ್ಲೇನ್ ಚಿಟ್ಟೆಗೆ ಅದು ಬರಲ್ಲ, ಅಷ್ಟು ಹಳೇ ಮನೆತನ. ಸುಮಾರು 30 ಕೋಟಿ ವರ್ಷದ ಹಿಂದೆ ಅದರ ನೆಂಟ ಮೆಗಾನ್ಯೂರಾ ರೆಕ್ಕೆ ಹರಡಿದರೆ ಎರಡಡಿ ಅಗಲ! ಮಡಚೋದು ಬಂದ ಮೇಲೆ ಕೀಟಗಳಿಗೆ ತೊಗಟೆ, ತರಗೆಲೆ, ಮಣ್ಣಿನ ಸಂದಿಗೊಂದಿಯೆಲ್ಲ ಮನೆಯಾಯ್ತು.

ಗೊಬ್ಬರದ ಹುಳ ಬಂದು ಬಿದ್ದರೆ ಓಡಿಸಬೇಡಿ, ಅದು ಮೇಲೇಳೋವರೆಗೂ ಕಾಯಿರಿ. ಮೊದಲು ಬೆನ್ನಿನ ಚಿಪ್ಪು ಎತ್ತುತ್ತೆ. ಅಡಿಯಿಂದ ಮಡಿಕೆ ಬಿದ್ದ ತೆಳು ರೆಕ್ಕೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತೆ. ಆ ಚಿಪ್ಪೇ ಮುಂದಿನ ರೆಕ್ಕೆ, ಗಟ್ಟಿಯಾಗಿದೆ. ಹೆಸರಿಟ್ಟಿರೋ ಸುಮಾರು 10 ಲಕ್ಷ ಕೀಟಗಳಲ್ಲಿ ಹತ್ತಿರ ಹತ್ತಿರ 4 ಲಕ್ಷ ಈ ಚಿಪ್ಪಿನ ಕುಲದವೇ.

ಒಂದೇ ಜೋಡಿ ಕಂಡರೆ ನೊಣ, ಸೊಳ್ಳೆಗಳ ಬಳಗ. ಹಿಂದಿನ ಜೋಡಿ ಸಣ್ಣ ಗುಂಡಿಯಾಗಿ ತೂಕ ಕಾಯುತ್ತೆ, ಭೂತಗನ್ನಡಿ ಬೇಕು. ಬೆರಳಿಗೆ ಪುಡಿ ಹತ್ತಿದರೆ ಪತಂಗ. ಹಳದಿ ರೆಕ್ಕೆಗೊಂದೊಂದು ಕಪ್ಪು ಚುಕ್ಕೆ ಇದ್ದರೆ ಭತ್ತದ ಕಾಂಡ ಕೊರಕದ ಹೆಣ್ಣು, ನಾಳೆ ಪೈರು ನೋಡಿ. ನಾಲ್ಕೂ ರೆಕ್ಕೆ ಒಂದೇ ಅಳತೆಯಾದರೆ ಈಸಲು, ಅಂದರೆ ಗೆದ್ದಲು. ಅದು ಜಿರಲೆ ವಂಶದ್ದು. ನಮ್ಮಜ್ಜಿ ಹುರಿದು ತಿಂತಿದ್ರು, ನಾನು ಈ ಸಂಬಂಧ ಹೇಳಲಿಲ್ಲ.

ಇರುವೆ ಥರ ಸಣಕಲು, ಕೆಂಪು-ಕಪ್ಪು ಪಟ್ಟೆಯ ಹುಳ ಕೈ ಮೇಲೆ ಹತ್ತಿದರೆ ಉಜ್ಜಲೇಬೇಡಿ, ಊದಿ ಹಾರಿಸಿ. ಒಳಗಿನ ಪೆಡೆರಿನ್ ಅನ್ನೋ ವಿಷ ತಾಕಿದರೆ ಚರ್ಮ ಸುಟ್ಟಂತೆ ಬೊಬ್ಬೆ ಬರುತ್ತೆ. ತಾಕಿದರೆ ತಕ್ಷಣ ಸೋಪು ಹಾಕಿ ತೊಳೀರಿ. ಇದೂ ಚಿಪ್ಪಿನ ಕುಲದ್ದೇ, ಚಿಪ್ಪು ಮಾತ್ರ ಮೋಟು. ಭತ್ತದ ರಸ ಹೀರೋ ಕಂದು ಜಿಗಿಹುಳವನ್ನು ಇದು ತಿನ್ನೋದರಿಂದ ಗದ್ದೆಯಲ್ಲಿ ಇರಲಿ.

ರೇಷ್ಮೆ ಪತಂಗಕ್ಕೆ ಕಾಯಬೇಡಿ. ಸಾವಿರಾರು ವರ್ಷ ಸಾಕಿದ್ದಕ್ಕೆ ರೆಕ್ಕೆ ಇದ್ದೂ ಹಾರಲ್ಲ. ನೋಡಲೇಬೇಕಂದ್ರೆ ಬಿತ್ತನೆ ಗೂಡು (ಮೊಟ್ಟೆಗಾಗಿ ಪತಂಗ ಹೊರಬರಲು ಬಿಡೋ ಗೂಡು) ಬೆಳೆಯೋರ ಹತ್ರ ನಾಲ್ಕು ಗೂಡು ಕೇಳಿ ಇಟ್ಟುಕೊಳ್ಳಿ.

ಒಂಬತ್ತಕ್ಕೆಲ್ಲ ದೀಪ ಆರಿಸಿ ಪಂಚೆ ಒದರಿಬಿಡಿ. ಹಾಗೇ ಬಿಟ್ಟರೆ ಬೆಳಗ್ಗೆ ಕಾಜಾಣ ಬಂದು ಒಂದೂ ಉಳಿಸಲ್ಲ.