ಫೋನ್ ಕಿತ್ತುಕೊಳ್ಳಬೇಡಿ, ರಾತ್ರಿಯಿಂದ ಶುರು ಮಾಡಿ

ಹೋದ ವರ್ಷ ಗೌರಿ ಹಬ್ಬದ ದಿನ ನನ್ನ ಮಗಳು ಅಜ್ಜಿ ಹೊಲಿಸಿಕೊಟ್ಟ ಲಂಗ ದಾವಣಿ ಹಾಕಿಕೊಂಡು ಇನ್‌ಸ್ಟಾಗ್ರಾಂನಲ್ಲಿ ಫೋಟೋ ಹಾಕಿದಳು. ಆಗ ಮೊದಲ ಪಿಯುಸಿ. ಸಂಜೆಯವರೆಗೂ ಖುಷಿಯಾಗಿಯೇ ಇದ್ದಳು. ರಾತ್ರಿ ನೋಡಿದರೆ ಫೋಟೋ ಇಲ್ಲ. ‘ಆಂಟಿ ಥರ ಕಾಣ್ತೀಯ’ ಅಂತ ಕ್ಲಾಸಿನವರೊಬ್ಬರು ಬರೆದಿದ್ದರಂತೆ, ಅದಕ್ಕೆ ಇನ್ನೂ ನಾಲ್ಕು ಜನ ನಗುವ ಎಮೋಜಿ ಹಾಕಿದ್ದರಂತೆ. ಆಮೇಲೆ ಎರಡು ವಾರ ಮಗು ಸರಿಯಾಗಿ ಮಲಗಲಿಲ್ಲ, ಊಟ ಅರ್ಧಕ್ಕೆ ಬಿಟ್ಟು ಎದ್ದಳು, ಯಾರು ಏನು ಬರೆದರು ಅಂತ ಮಧ್ಯರಾತ್ರಿಯೂ ಎದ್ದು ನೋಡುತ್ತಿದ್ದಳು.

ನಾನು ಫೋನ್ ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಹಾಕಿದೆ. ಅದು ತಪ್ಪಾಯಿತು. ನಾಲ್ಕೇ ದಿನಕ್ಕೆ ಗೆಳತಿಯ ಹಳೇ ಫೋನಿನಲ್ಲಿ ಬೇರೆ ಹೆಸರಿನ ಅಕೌಂಟ್ ತೆರೆದಿದ್ದಳು. ನನಗೆ ಹೇಳುವುದನ್ನೂ ನಿಲ್ಲಿಸಿದ್ದಳು. ನೋವು ಹಾಗೇ ಉಳಿಯಿತು, ಅದನ್ನು ಕೇಳಿಸಿಕೊಳ್ಳುವವರು ಮಾತ್ರ ಒಬ್ಬರು ಕಡಿಮೆಯಾದರು. ಅದಾದ ಮೇಲೆ ಓದಿ, ತಿಳಿದವರನ್ನು ಕೇಳಿ, ಮನೆಯಲ್ಲಿ ಒಂದೊಂದಾಗಿ ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಮಾತಾಡುವ ಸರ್ಕಾರದ ಮುಖ್ಯ ವೈದ್ಯರಾಗಿದ್ದ ವಿವೇಕ್ ಮೂರ್ತಿ ಅವರ ಮನೆತನ ನಮ್ಮ ಮಂಡ್ಯದ ಹಲ್ಲೆಗೆರೆಯದು. ದಿನಕ್ಕೆ 3 ಗಂಟೆಗಿಂತ ಜಾಸ್ತಿ ಸೋಷಿಯಲ್ ಮೀಡಿಯಾದಲ್ಲಿ ಇರುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಎರಡು ಪಟ್ಟು ಎಂದು 2023ರಲ್ಲಿ ಅವರು ಎಚ್ಚರಿಸಿದರು. ಮರುವರ್ಷ, ಸಿಗರೇಟ್ ಪ್ಯಾಕಿನ ಮೇಲೆ ಇರುವಂಥ ಎಚ್ಚರಿಕೆ ಈ ಆ್ಯಪ್‌ಗಳಿಗೂ ಬೇಕು ಎಂದರು. ಹಾಗಂತ ಎಲ್ಲ ತಪ್ಪೂ ಫೋನಿನದೇ ಅಂತ ಅಲ್ಲ. ಮೊದಲೇ ಬೇಸರದಲ್ಲಿರುವ ಮಕ್ಕಳು ಜಾಸ್ತಿ ಹೊತ್ತು ಅದರಲ್ಲೇ ಇರುವುದೂ ಉಂಟು. ಮನೆಯಲ್ಲಿ ಬೇರೆ ಏನಾದರೂ ನಡೆಯುತ್ತಿದೆಯಾ ಅಂತಲೂ ನೋಡಿಕೊಳ್ಳಿ.

ನಿಮ್ಮ ಫೋನನ್ನೇ ಮೊದಲು ತೋರಿಸಿ

ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಇರುತ್ತದೆ, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದಿರಿ ಅಂತ ಅಲ್ಲಿ ಕಾಣುತ್ತದೆ. ನಿಮ್ಮದನ್ನು ತೆರೆದು ಮಗುವಿನ ಮುಂದಿಡಿ. ನನ್ನದರಲ್ಲಿ ವಾಟ್ಸ್‌ಆ್ಯಪ್, ಯೂಟ್ಯೂಬ್ ಸೇರಿ ದಿನಕ್ಕೆ ಎರಡೂವರೆ ಗಂಟೆ ಇತ್ತು. ಅದನ್ನು ನೋಡಿದ ಮೇಲೆಯೇ ಮಗಳು ತನ್ನದನ್ನು ತೋರಿಸಿದಳು. ಬೈಯಬೇಡಿ, ಬರೆದಿಟ್ಟುಕೊಳ್ಳಿ. ಒಟ್ಟು ಗಂಟೆಗಿಂತ ರಾತ್ರಿ ಹತ್ತರ ನಂತರ ಎಷ್ಟು ಅನ್ನುವುದು ಮುಖ್ಯ.

ರಾತ್ರಿ

ಬೇರೇನೂ ಮಾಡಲು ಆಗದಿದ್ದರೂ ಇದೊಂದನ್ನು ಮಾಡಿ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕಾಲೇಜಿಗೆ ಬೆಳಿಗ್ಗೆ ಆರಕ್ಕೆ ಏಳುವ ಮಗು ರಾತ್ರಿ ಹತ್ತಕ್ಕೆ ಮಲಗಿದರೆ ಮಾತ್ರ ಆ ಎಂಟು ಗಂಟೆ ಸಿಗುವುದು, ಅಲ್ವಾ? ನಿದ್ದೆಗೆಟ್ಟಾಗ ಚಿಕ್ಕ ಮಾತೂ ದೊಡ್ಡದಾಗಿ ಚುಚ್ಚುತ್ತದೆ. ಚುಚ್ಚಿದ್ದನ್ನೇ ಮತ್ತೆ ಮತ್ತೆ ತೆರೆದು ನೋಡುತ್ತಾ ಇನ್ನಷ್ಟು ನಿದ್ದೆ ಹೋಗುತ್ತದೆ, ಬೆಳಿಗ್ಗೆ ಕ್ಲಾಸಿನಲ್ಲಿ ತಲೆ ಓಡುವುದಿಲ್ಲ, ಮನೆಗೆ ಬಂದ ಮೇಲೆ ಮತ್ತೆ ಅದೇ ಫೋನು.

ನಾವು ಮಾಡಿದ್ದು ಇಷ್ಟು. ಹಾಲ್‌ನಲ್ಲಿ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿದೆವು. ಒಂಬತ್ತೂವರೆಗೆ ಮನೆಯವರೆಲ್ಲರ ಫೋನೂ ಅಲ್ಲೇ ಚಾರ್ಜಿಗೆ, ಅಪ್ಪನದೂ ಸೇರಿ. ದೊಡ್ಡವರು ಫೋನ್ ಹಿಡಿದುಕೊಂಡು ಮಂಚಕ್ಕೆ ಹೋದರೆ ಈ ನಿಯಮ ಒಂದು ವಾರವೂ ನಿಲ್ಲುವುದಿಲ್ಲ. ‘ಅಲಾರಂ ಬೇಕಲ್ಲಮ್ಮ’ ಅಂದಳು, ಗಡಿಯಾರ ತಂದುಕೊಟ್ಟೆವು. ಟ್ಯೂಷನ್ ಗ್ರೂಪಿನಲ್ಲಿ ನೋಟ್ಸ್ ರಾತ್ರಿ ಹತ್ತಕ್ಕೆ ಬರುತ್ತಿತ್ತು, ಸ್ವಲ್ಪ ಬೇಗ ಕಳಿಸಿ ಸರ್ ಅಂತ ಕೇಳಿಕೊಂಡೆ, ಕಳಿಸಿದರು. ಮೊದಲ ವಾರ ಸಿಡಿಮಿಡಿ ಇದ್ದೇ ಇರುತ್ತದೆ. ಅದರ ಜೊತೆಗೆ ಬೇರೆ ಹೊಸ ನಿಯಮ ಹೇರಬೇಡಿ.

ಕಾಣಿಸುವುದನ್ನು ಬದಲಿಸುವುದು

ಆ್ಯಪ್‌ಗೆ ನಿಮ್ಮ ಮಗು ಏನು ಲೈಕ್ ಮಾಡಿತು ಅನ್ನುವುದಷ್ಟೇ ಅಲ್ಲ, ಯಾವ ವಿಡಿಯೋ ಮೇಲೆ ಎಷ್ಟು ಹೊತ್ತು ನಿಂತಿತು ಅನ್ನುವುದೂ ಗೊತ್ತು. ಸೊಂಟ ಸಣ್ಣ ಮಾಡುವ ಒಂದು ರೀಲ್ಸನ್ನು ಪೂರ್ತಿ ನೋಡಿದರೆ ಅಂಥದ್ದೇ ಇನ್ನೂ ಬರುತ್ತವೆ. ಹುಡುಗರಿಗೆ ಸಿಕ್ಸ್ ಪ್ಯಾಕ್, ಪ್ರೋಟೀನ್ ಪೌಡರ್. ಪುಟ ಮುಗಿಯುವುದೇ ಇಲ್ಲ. ಇದು ಕಂಪನಿಗೂ ಗೊತ್ತಿಲ್ಲದ ವಿಷಯವಲ್ಲ. ಇನ್‌ಸ್ಟಾಗ್ರಾಂ ನಡೆಸುವ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳು 2021ರಲ್ಲಿ ಹೊರಬಂದವು. ತಮ್ಮ ದೇಹದ ಬಗ್ಗೆ ಬೇಸರವಾದಾಗ ಇನ್‌ಸ್ಟಾಗ್ರಾಂ ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ ಎಂದು ಶೇಕಡಾ 32ರಷ್ಟು ಹದಿಹರೆಯದ ಹುಡುಗಿಯರು ಹೇಳಿದ್ದು ಅದರಲ್ಲಿತ್ತು.

ಒಂದು ಭಾನುವಾರ ಪಕ್ಕದಲ್ಲಿ ಕೂತುಕೊಳ್ಳಿ. ಫೋನ್ ಮಗುವಿನ ಕೈಯಲ್ಲೇ ಇರಲಿ. ಒಂದೊಂದು ಅಕೌಂಟ್ ಬಂದಾಗಲೂ ಒಂದೇ ಪ್ರಶ್ನೆ: ‘ಇದನ್ನು ನೋಡಿದ ಮೇಲೆ ನಿನಗೆ ಹೇಗನ್ನಿಸುತ್ತೆ?’ ಬೇಸರ ಅನ್ನಿಸಿದರೆ ಅನ್‌ಫಾಲೋ. ಗೊತ್ತಿರುವವರಾದರೆ ಅನ್‌ಫಾಲೋ ಮಾಡಲು ಮುಜುಗರ, ಅಂಥವರಿಗೆ ಮ್ಯೂಟ್ ಸಾಕು, ಅವರಿಗೆ ತಿಳಿಯುವುದಿಲ್ಲ. ಬೇಡದ ರೀಲ್ಸ್ ಬಂದರೆ ‘ನಾಟ್ ಇಂಟರೆಸ್ಟೆಡ್’ ಒತ್ತಲಿ. ಎಲ್ಲವೂ ಕೆಟ್ಟುಹೋಗಿದೆ ಅನ್ನಿಸಿದರೆ ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನ ‘ಕಂಟೆಂಟ್ ಪ್ರಿಫರೆನ್ಸಸ್’ ಒಳಗೆ ಹೋಗಿ ಪೂರ್ತಿ ರಿಸೆಟ್ ಮಾಡಬಹುದು. ಲೈಕ್ ಎಣಿಕೆ ಮುಚ್ಚಿಡುವ ಆಯ್ಕೆ 2021ರಿಂದಲೇ ಇದೆ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿದರೆ ಹೋಮ್ ಪುಟದಲ್ಲಿ ಏನನ್ನೂ ತೋರಿಸುವುದಿಲ್ಲ, ಬೇಕಾದ್ದನ್ನು ನಾವೇ ಹುಡುಕಿ ನೋಡಬೇಕು. ಹುಟ್ಟಿದ ವರ್ಷ ಸುಳ್ಳು ಹಾಕಿದ್ದರೆ ಅದನ್ನೂ ಸರಿ ಮಾಡಿಸಿ. ಇಲ್ಲದಿದ್ದರೆ ಹದಿಹರೆಯದವರಿಗೆಂದೇ ಇನ್‌ಸ್ಟಾಗ್ರಾಂನಲ್ಲಿರುವ ‘ಟೀನ್ ಅಕೌಂಟ್’ನ ರಕ್ಷಣೆ ಮಗುವಿಗೆ ಸಿಗದೇ ಹೋಗಬಹುದು.

ಎಷ್ಟು ಹೊತ್ತು?

ಪೂರ್ತಿ ಬಿಡಿಸಲು ಹೋಗಬೇಡಿ, ಗೆಳೆಯರೆಲ್ಲ ಅಲ್ಲೇ ಇದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಮಾಡಿದ್ದರು, 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಮೂರನ್ನೂ ದಿನಕ್ಕೆ ಹತ್ತತ್ತು ನಿಮಿಷಕ್ಕೆ ಇಳಿಸಿತು. ಮೂರು ವಾರದಲ್ಲಿ ಒಂಟಿತನ, ಖಿನ್ನತೆ ಎರಡೂ ಕಡಿಮೆಯಾದವು. ನಮ್ಮಲ್ಲಿ ಮುಕ್ಕಾಲು ಗಂಟೆಗೆ ಒಪ್ಪಂದವಾಯಿತು, ಟೈಮರ್ ಅವಳೇ ಇಟ್ಟಳು. ಉಳಿದ ಹೊತ್ತಿಗೆ ಏನಾದರೂ ಬೇಕಲ್ಲ, ಸಂಜೆ ಎದುರು ಮನೆಯ ಹುಡುಗಿಯರ ಜೊತೆ ಶಟಲ್ ಆಡುತ್ತಾಳೆ.

ಇಷ್ಟಕ್ಕೇ ನಿಲ್ಲದಿದ್ದರೆ

ವಾರಗಟ್ಟಲೆ ನಿದ್ದೆ, ಊಟ ಇಲ್ಲ. ಕಾಲೇಜಿಗೆ ಹೋಗಲ್ಲ ಅನ್ನುತ್ತದೆ. ಕೈ ಮೇಲೆ ಗಾಯದ ಗುರುತು. ‘ನಾನು ಇಲ್ಲದಿದ್ರೇ ಚೆನ್ನಾಗಿತ್ತು’ ಅನ್ನುವ ಮಾತು. ಇವುಗಳಲ್ಲಿ ಯಾವುದು ಕಂಡರೂ ಸೆಟ್ಟಿಂಗ್ಸ್ ಬದಲಿಸುತ್ತಾ ಕೂರಬೇಡಿ, ‘ವಯಸ್ಸಿನ ಹುಡುಗಾಟ’ ಅಂತ ತಳ್ಳಿಹಾಕಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಇದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್ ಗೀಳಿಗೆಂದೇ 2014ರಿಂದ ‘ಶಟ್ ಕ್ಲಿನಿಕ್’ ನಡೆಯುತ್ತಿದೆ.

ಯಾರಾದರೂ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದರೆ ಮೊದಲು ಮಗುವಿಗೆ ‘ನಿನ್ನ ಜೊತೆ ನಾನಿದ್ದೀನಿ’ ಅನ್ನಿ, ಉಳಿದದ್ದೆಲ್ಲ ಆಮೇಲೆ. ದುಡ್ಡು ಕೊಡಬೇಡಿ. ಮೆಸೇಜ್ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ. ಸೈಬರ್ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098. ಮಗುವಿಗೆ ಮಾತಾಡಲು ಧೈರ್ಯ ಸಾಲದಿದ್ದರೆ ನೀವೇ ಕರೆ ಮಾಡಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.